ಗ್ಲಾನ್ಸ್ ಅಂದ್ರೆ ಏನು, ಗ್ಲಿಂಪ್ಸ್‌ಗೂ ಅದಕ್ಕೂ ಏನ್ ವ್ಯತ್ಯಾಸ?

ಪ್ರಶ್ನೆ: ಇಂಗ್ಲಿಷ್ ಕಥೆಗಳಲ್ಲಿ ಗ್ಲಾನ್ಸಸ್ ಅಂತ ಪದೇ ಪದೇ ಬರುತ್ತಲ್ಲ, ಹಂಗಂದ್ರೆ ಏನು? ಗ್ಲಿಂಪ್ಸ್ ಅಂದ್ರೂ ಅದೇನಾ?

ಅದೇ ಅಲ್ಲ. ಗ್ಲಾನ್ಸ್ ಅಂದ್ರೆ ಸುಮ್ನೆ ಒಂದ್ಸಲ ಕಣ್ಣು ಹಾಯಿಸೋದು, ಕ್ಷಣ ಮಾತ್ರ ನೋಡಿ ದೃಷ್ಟಿ ಆಚೆ ಹೋಗ್ಬಿಡುತ್ತೆ, ಅಷ್ಟೇ. ಗ್ಲಾನ್ಸಸ್ ಅದರ ಬಹುವಚನ, ಜೊತೆಗೆ ‘ಶೀ ಗ್ಲಾನ್ಸಸ್’ ಅಂತ ಕ್ರಿಯಾಪದವಾಗೂ ಬರುತ್ತೆ. ಈ ಪದಕ್ಕೆ ಹಳೇ ಅರ್ಥ ನೋಡೋದಲ್ಲ, ಓರೆಯಾಗಿ ತಾಗಿ ಜಾರಿಹೋಗೋದು. ಕ್ರಿಕೆಟ್ ನೋಡೋರಿಗೆ ಲೆಗ್ ಗ್ಲಾನ್ಸ್ ಗೊತ್ತಿರುತ್ತೆ, ರಣಜಿತ್‌ಸಿಂಹಜಿ 1890ರ ದಶಕದಲ್ಲಿ ಇಂಗ್ಲೆಂಡಲ್ಲಿ ಹೆಸರು ಮಾಡಿದ್ದ ಹೊಡೆತ ಅದು, ಬಾಲ್‌ಗೆ ಬ್ಯಾಟ್ ಹಂಗೇ ತಾಗಿಸಿದ್ರೆ ಸಾಕು, ಕಾಲಿನ ಪಕ್ಕದಿಂದ ಹಿಂದಕ್ಕೆ ಓಡುತ್ತೆ. ಕಣ್ಣೂ ಹಂಗೇ ತಾಗಿ ಜಾರಿದ್ರೆ ಗ್ಲಾನ್ಸ್.

ಗ್ಲಿಂಪ್ಸ್ ಬೇರೆ. ಗ್ಲಾನ್ಸ್ ನಾವು ಮಾಡೋ ಕೆಲಸ, ಗ್ಲಿಂಪ್ಸ್ ನಮ್ಮ ಕಣ್ಣಿಗೆ ಬೀಳೋದು. ವಾಚ್ ಕಡೆ ನೋಡಿದ್ರೆ ಗ್ಲಾನ್ಸ್, ಓಡ್ತಿರೋ ರೈಲಿನ ಕಿಟಕೀಲಿ ಯಾರದೋ ಮುಖ ಮಿಂಚಿ ಮರೆಯಾದ್ರೆ ಗ್ಲಿಂಪ್ಸ್. ಅದಕ್ಕೇ ‘ಗ್ಲಾನ್ಸ್ಡ್ ಅಟ್ ದ ವಾಚ್’ ಅಂತ ಅಟ್ ಸೇರಿಸ್ಲೇಬೇಕು, ಗ್ಲಿಂಪ್ಸ್‌ಗೆ ಕ್ರಿಯಾಪದದಲ್ಲಿ ಅಟ್ ಬೇಡ, ನಾಮಪದ ಆದ್ರೆ ‘ಕ್ಯಾಚ್ ಎ ಗ್ಲಿಂಪ್ಸ್ ಆಫ್’. ಬರೆಯೋವಾಗ ಜಾಸ್ತಿ ಜನ ಎಡವೋದು ಇಲ್ಲೇ.

‘ಅಟ್ ಫಸ್ಟ್ ಗ್ಲಾನ್ಸ್’ ಅಂದ್ರೆ ಮೇಲ್ನೋಟಕ್ಕೆ, ‘ಅಟ್ ಎ ಗ್ಲಾನ್ಸ್’ ಅಂದ್ರೆ ಒಂದೇ ನೋಟಕ್ಕೆ, ಎರಡನ್ನೂ ಅದಲುಬದಲು ಮಾಡ್ಬೇಡಿ, ಯಾಕಂದ್ರೆ ಮೇಲ್ನೋಟಕ್ಕೆ ಅಂದಾಗ ಒಳಗೆ ಬೇರೇನೋ ಇರಬಹುದು ಅನ್ನೋ ಅನುಮಾನಾನೂ ಬರುತ್ತೆ.

ಕಥೆಗಳಲ್ಲಿ ಬಹುವಚನ ಜಾಸ್ತಿ ಸಿಗೋದು ‘ದೇ ಎಕ್ಸ್‌ಚೇಂಜ್ಡ್ ಗ್ಲಾನ್ಸಸ್’ ಅಂತ. ಇದಕ್ಕೆ ‘ನೋಟಗಳನ್ನು ವಿನಿಮಯ ಮಾಡಿಕೊಂಡರು’ ಅಂತ ಬರೆದಿರೋದು ನೋಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ, ‘ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು’ ಅನ್ನೋ ಚೆಂದದ ಮಾತು ನಮ್ಮಲ್ಲೇ ಇದೆಯಲ್ಲ! ಹಂಗೇ ‘ಸೈಡ್‌ಲಾಂಗ್ ಗ್ಲಾನ್ಸ್’ ಬಂದಲ್ಲೆಲ್ಲ ಕುಡಿನೋಟ ಅನ್ಬೇಡಿ, ಕುಡಿನೋಟ ಅಂದ ಕೂಡ್ಲೇ ಪ್ರೀತಿ ಬಂದ್ಬಿಡುತ್ತೆ, ಪೊಲೀಸು ಕಳ್ಳನ್ನ ಅನುಮಾನದಿಂದ ನೋಡಿದ್ರೆ ಅದು ಓರೆಗಣ್ಣಲ್ಲಿ ನೋಡಿದ್ದು ಅಷ್ಟೇ.