ಏಳು ಸೆಂಟಿಮೀಟರ್ ಗಾಯ, ಒಳಗೆ ದೊಡ್ಡ ಕೆಲಸ

ತೊಡೆಮೂಳೆಯ ಮೇಲ್ತುದಿ ಗುಂಡಗಿದೆ. ಅದು ಸೊಂಟದ ಮೂಳೆಯ ಬಟ್ಟಲಿನೊಳಗೆ ಕೂತು ತಿರುಗುತ್ತದೆ. ಕೆಲವರಲ್ಲಿ ಈ ಬಟ್ಟಲು ಸಾಕಷ್ಟು ಆಳವಾಗಿ ಬೆಳೆದಿರುವುದಿಲ್ಲ. ಆಗ ಮೈಭಾರವೆಲ್ಲ ಬಟ್ಟಲಿನ ಅಂಚಿನ ಸಣ್ಣ ಜಾಗದ ಮೇಲೆ ಬೀಳುತ್ತದೆ. ಇದೇ ಹಿಪ್ ಡಿಸ್‌ಪ್ಲೇಸಿಯಾ. ಹೆಂಗಸರಲ್ಲಿ ಜಾಸ್ತಿ. ಚಿಕ್ಕಂದಿನಲ್ಲಿ ಗೊತ್ತಾಗದೆ ಹೋದರೆ, ಎಷ್ಟೋ ಜನರಿಗೆ ಇಪ್ಪತ್ತು-ಮೂವತ್ತರ ವಯಸ್ಸಿನಲ್ಲಿ ತೊಡೆಸಂದಿಯ ನೋವಾಗಿ ಕಾಣಿಸಿಕೊಳ್ಳುತ್ತದೆ. ಕೀಲು ಬೇಗ ಸವೆಯುತ್ತದೆ.

ಕೀಲನ್ನೇ ಬದಲಿಸಿಬಿಡಬಹುದಲ್ವಾ? ಬದಲಿಸಬಹುದು. ಆದರೆ ಕೃತಕ ಕೀಲೂ ಸವೆಯುತ್ತದೆ. ಸಣ್ಣ ವಯಸ್ಸಿಗೇ ಹಾಕಿಸಿಕೊಂಡರೆ ಮುಂದೆ ಮತ್ತೆ ಆಪರೇಷನ್ ಬೇಕಾಗಬಹುದು. ಸ್ವಂತ ಕೀಲನ್ನು ಉಳಿಸಿಕೊಳ್ಳುವ ದಾರಿಯೊಂದನ್ನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಸರ್ಜನ್ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು. ಬಟ್ಟಲಿನ ಸುತ್ತಲಿನ ಮೂಳೆ ಕತ್ತರಿಸಿ, ಬಟ್ಟಲನ್ನು ಬಿಡಿಸಿ, ತೊಡೆಮೂಳೆಯ ಗುಂಡನ್ನು ಚೆನ್ನಾಗಿ ಮುಚ್ಚುವಂತೆ ತಿರುಗಿಸಿ ಸ್ಕ್ರೂ ಹಾಕುತ್ತಾರೆ. ಮಳೆ ಹೊಡೆಯುವ ಕಡೆಗೆ ಛತ್ರಿ ವಾಲಿಸುತ್ತೇವಲ್ಲ, ಹಾಗೆ. ಇದರಲ್ಲಿ ನನಗೆ ತುಂಬಾ ಹಿಡಿಸುವ ಜಾಣತನವೆಂದರೆ, ಹಿಂಬದಿಯ ಮೂಳೆಯ ಕಂಬವನ್ನು ಪೂರ್ತಿ ತುಂಡರಿಸುವುದಿಲ್ಲ. ಸೊಂಟದ ಉಂಗುರ ಗಟ್ಟಿಯಾಗೇ ಇರುತ್ತದೆ. ಹಾಗಾಗಿ ಊರುಗೋಲು ಹಿಡಿದು ಬೇಗ ಎದ್ದು ಓಡಾಡಬಹುದು.

ತೊಂದರೆ ಇದ್ದದ್ದು ಅಲ್ಲಿಗೆ ತಲುಪುವುದರಲ್ಲಿ. ಹಳೆಯ ಕ್ರಮಗಳಲ್ಲಿ ಉದ್ದಕ್ಕೆ ಕೊಯ್ದು, ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಒಳಗೆ ಹೋಗಬೇಕಿತ್ತು. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಸರ್ಜನ್ ಕೆಲ್ ಸೋಬಾಲೆ ಬೇರೆ ದಾರಿ ಹಿಡಿದರು. ಸುಮಾರು 7 ಸೆಂಟಿಮೀಟರ್ ಗಾಯ. ಕೆಳಗೆ ಸಾರ್ಟೋರಿಯಸ್ ಸ್ನಾಯು, ತೊಡೆಯ ಮುಂದೆ ಓರೆಯಾಗಿ ಇಳಿಯುವಂಥದ್ದು. ಅದನ್ನು ಅಡ್ಡ ಕತ್ತರಿಸದೆ, ಎಳೆಗಳು ಓಡುವ ದಿಕ್ಕಿನಲ್ಲೇ ಸೀಳಿ ಪಕ್ಕಕ್ಕೆ ಸರಿಸುತ್ತಾರೆ. ಇಷ್ಟು ಸಣ್ಣ ಕಿಂಡಿಯಲ್ಲಿ ಉಳಿಯ ತುದಿ ಕಣ್ಣಿಗೆ ಬೀಳುವುದಿಲ್ಲ. ಅದು ಎಲ್ಲಿದೆ ಎಂದು ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಮೂಳೆ ಕೊರೆಯಬೇಕು. ಕಾಲಿಗೆ ಹೋಗುವ ದೊಡ್ಡ ನರ ಪಕ್ಕದಲ್ಲೇ ಇರುತ್ತದೆ.

ಆರ್ಹುಸ್ ತಂಡ 2008ರಲ್ಲಿ ತೊಡೆಸಂದಿಯ ಗುಂಟ ಕೊಯ್ಯುವ ಹಳೆಯ ಇಲಿಯೋಇಂಗ್ವಿನಲ್ ದಾರಿಯ ಜೊತೆ ಇದನ್ನು ಹೋಲಿಸಿತು. ರಕ್ತನಷ್ಟ 500 ಮಿಲಿಲೀಟರಿನಿಂದ 250ಕ್ಕೆ ಇಳಿದಿತ್ತು. ಆಪರೇಷನ್ ಸಮಯವೂ ಕಡಿಮೆ. ಬಟ್ಟಲನ್ನು ತಿರುಗಿಸಿದ ಲೆಕ್ಕದಲ್ಲಿ ಮಾತ್ರ ಎರಡೂ ಸಮ. ನನಗೆ ಈ ಕೊನೆಯದೇ ಮುಖ್ಯ. ಗಾಯ ಚಿಕ್ಕದಾಗಿ ಬಟ್ಟಲು ಸರಿಯಾಗಿ ಕೂರದಿದ್ದರೆ ಸುಮ್ನೆ ಕೊಯ್ಸಿಕೊಂಡಂತೆ.

ಸಣ್ಣ ಗಾಯ ಅಂದರೆ ಸಣ್ಣ ಆಪರೇಷನ್ ಅಲ್ಲ. ಮೂಳೆ ಕೂಡಲು ವಾರಗಟ್ಟಲೆ ಊರುಗೋಲು ಬೇಕೇ ಬೇಕು. ತೊಡೆಯ ಹೊರಬದಿಯ ಚರ್ಮ ಮರಗಟ್ಟುವುದೂ ಉಂಟು. ಕೀಲು ಆಗಲೇ ತುಂಬಾ ಸವೆದಿದ್ದರೆ ಈ ದಾರಿಯೇ ಇಲ್ಲ. ಅದಕ್ಕೇ ಸಣ್ಣ ವಯಸ್ಸಿನವರು ತಿಂಗಳುಗಟ್ಟಲೆ ಬಿಡದ ತೊಡೆಸಂದಿಯ ನೋವನ್ನು ಉಳುಕು ಅಂತ ತಳ್ಳಿಹಾಕದೆ ಒಂದು ಎಕ್ಸ್‌ರೇ ತೆಗೆಸಬೇಕು. ಸ್ವೀಡನ್ನಿನ ಗುನ್ನಾರ್ ವೀಬರ್ಗ್ 1939ರಲ್ಲೇ ವಿವರಿಸಿದ ಕೋನವೊಂದನ್ನು ವೈದ್ಯರು ಅದರಲ್ಲಿ ಅಳೆಯುತ್ತಾರೆ. ಗುಂಡಿನ ಮೇಲೆ ಬಟ್ಟಲು ಎಷ್ಟು ಚಾಚಿದೆ ಎಂದು ಅದು ಹೇಳುತ್ತದೆ. 25 ಡಿಗ್ರಿ ದಾಟಿದ್ದರೆ ಸಾಮಾನ್ಯ, 20ಕ್ಕಿಂತ ಕಡಿಮೆ ಇದ್ದರೆ ಡಿಸ್‌ಪ್ಲೇಸಿಯಾ.