ಮಿನಮಾಟ ಕೊಲ್ಲಿಗೆ ಹತ್ತು ವರ್ಷ ತಡವಾಗಿ ಬಂದ ಕಾನೂನು

ಮೊದಲು ಹುಚ್ಚೆದ್ದದ್ದು ಬೆಕ್ಕುಗಳು. ಜಪಾನಿನ ಕ್ಯೂಶೂ ದ್ವೀಪದ ಮಿನಮಾಟ ಕೊಲ್ಲಿಯ ಮೀನುಗಾರರ ಕೇರಿಗಳಲ್ಲಿ, 1950ರ ದಶಕದ ಮೊದಲ ವರ್ಷಗಳಲ್ಲಿ, ಬೆಕ್ಕುಗಳು ಗಿರಗಿರನೆ ಸುತ್ತಿ, ನೆಗೆದು, ಕಡಲಿಗೆ ಬಿದ್ದು ಸಾಯತೊಡಗಿದವು. ಒಂದು ಕೇರಿಯಲ್ಲಂತೂ ಬೆಕ್ಕುಗಳೇ ಇಲ್ಲದಂತಾಗಿ ಇಲಿಗಳ ಕಾಟ ಹೆಚ್ಚಿತು. 1956ರ ಏಪ್ರಿಲ್‌ನಲ್ಲಿ ಆರು ವರ್ಷ ತುಂಬದ ಹುಡುಗಿಯೊಬ್ಬಳನ್ನು ಚಿಸ್ಸೊ ಎಂಬ ರಾಸಾಯನಿಕ ಕಂಪನಿಯ ಕಾರ್ಖಾನೆಯ ಆಸ್ಪತ್ರೆಗೆ ಕರೆತಂದರು. ಕಾಲು ನಿಲ್ಲುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಕೆಲವೇ ದಿನಗಳಲ್ಲಿ ಅವಳ ತಂಗಿಗೂ ಅದೇ ಸ್ಥಿತಿ. ಮೇ 1ರಂದು ಆಸ್ಪತ್ರೆಯ ಮುಖ್ಯಸ್ಥ ಡಾ. ಹಾಜಿಮೆ ಹೊಸೊಕಾವಾ ಸರ್ಕಾರಿ ಆರೋಗ್ಯ ಕಚೇರಿಗೆ ವರದಿ ಕೊಟ್ಟರು. ಮಿನಮಾಟ ಕಾಯಿಲೆಯ ಅಧಿಕೃತ ಚರಿತ್ರೆ ಶುರುವಾಗುವುದು ಆ ದಿನದಿಂದ.

ಕಾರ್ಖಾನೆ 1932ರಿಂದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸುತ್ತಿತ್ತು. ಅದಕ್ಕೆ ಪಾದರಸ ಬೇಕು. ತಯಾರಿಕೆಯ ನಡುವೆ ಪಾದರಸದ ಒಂದು ಭಾಗ ಮೀಥೈಲ್ ಪಾದರಸ ಎಂಬ ವಿಷವಾಗಿ, ಚರಂಡಿಯಲ್ಲಿ ಹರಿದು ಕೊಲ್ಲಿ ಸೇರುತ್ತಿತ್ತು. ನೀರಿನಲ್ಲಿ ಅದರ ಪ್ರಮಾಣ ಅತ್ಯಲ್ಪ. ಆದರೆ ಸೂಕ್ಷ್ಮಜೀವಿಯಿಂದ ಚಿಪ್ಪಿಗೆ, ಸಣ್ಣ ಮೀನಿಗೆ, ದೊಡ್ಡ ಮೀನಿಗೆ ದಾಟಿದಂತೆ ಸಾಂದ್ರವಾಗುತ್ತಾ ಹೋಗಿ, ಕೊನೆಗೆ ಮೂರು ಹೊತ್ತೂ ಮೀನು ತಿನ್ನುವವರ ಮಿದುಳಿಗೆ ಇಳಿಯಿತು. ಬಸುರಿಯರ ಒಡಲಿನ ಕೂಸುಗಳನ್ನೂ ಬಿಡಲಿಲ್ಲ.

ಆಗ ಕಾನೂನೇ ಇರಲಿಲ್ಲ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. 1957ರಲ್ಲೇ ಮಿನಮಾಟ ಇರುವ ಕುಮಾಮೊಟೊ ಪ್ರಾಂತ್ಯದ ಆಡಳಿತ, ಆಹಾರ ನೈರ್ಮಲ್ಯ ಕಾಯ್ದೆಯಡಿ ಕೊಲ್ಲಿಯ ಮೀನಿನ ಮಾರಾಟವನ್ನು ತಡೆಯಬಹುದೇ ಎಂದು ಕೇಂದ್ರವನ್ನು ಕೇಳಿತು. ಕೊಲ್ಲಿಯ ಎಲ್ಲ ಮೀನೂ ವಿಷವಾಗಿದೆ ಎಂಬುದಕ್ಕೆ ಸ್ಪಷ್ಟ ಆಧಾರವಿಲ್ಲ, ಆದ್ದರಿಂದ ಆಗದು ಎಂಬ ಉತ್ತರ ಬಂತು. ಈ ಉತ್ತರವನ್ನು ಎಷ್ಟು ಸಲ ಓದಿದರೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎಲ್ಲ ಮೀನನ್ನೂ ಪರೀಕ್ಷಿಸಿ ತೋರಿಸಲು ಯಾರಿಂದ ಸಾಧ್ಯ?

1958ರ ಡಿಸೆಂಬರ್‌ನಲ್ಲಿ ನೀರಿನ ಗುಣಮಟ್ಟ ಮತ್ತು ಕಾರ್ಖಾನೆಯ ಕೊಳಚೆಗೆ ಸಂಬಂಧಿಸಿದ ಎರಡು ಕಾಯ್ದೆಗಳು ಬಂದವು. ಅದೂ ಮಿನಮಾಟಕ್ಕಾಗಿ ಅಲ್ಲ. ಟೋಕಿಯೊ ಕೊಲ್ಲಿಯ ಮೀನುಗಾರರು ಕಾಗದದ ಕಾರ್ಖಾನೆಗೆ ನುಗ್ಗಿದ ಮೇಲೆ. ಆ ಕಾಯ್ದೆಗಳಲ್ಲಿ ಒಂದು ಷರತ್ತಿತ್ತು: ಸರ್ಕಾರ ಮೊದಲು ಇಂಥ ಜಲಪ್ರದೇಶ ಎಂದು ಗೊತ್ತುಪಡಿಸಬೇಕು, ಆಮೇಲಷ್ಟೇ ಅಲ್ಲಿಗೆ ಮಿತಿಗಳು ಅನ್ವಯ. ಮಿನಮಾಟವನ್ನು ಆಗ ಗೊತ್ತುಪಡಿಸಲಿಲ್ಲ.

1959ರ ಜುಲೈನಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ ಸಾವಯವ ಪಾದರಸವೇ (ಮೀಥೈಲ್ ಪಾದರಸ ಆ ಬಗೆಯದು) ಕಾರಣ ಎಂದು ಹೇಳಿತು. ಚರಂಡಿಯ ಬಾಯಲ್ಲಿ ಒಂದು ಟನ್ ಕೆಸರಿಗೆ ಸುಮಾರು ಎರಡು ಕಿಲೋ ಪಾದರಸ ಸಿಕ್ಕಿತ್ತು. ಅದೇ ವೇಳೆಗೆ ಹೊಸೊಕಾವಾ ಕಾರ್ಖಾನೆಯ ತ್ಯಾಜ್ಯ ಬೆರೆಸಿದ ಆಹಾರವನ್ನು ಒಂದು ಬೆಕ್ಕಿಗೆ ತಿನ್ನಿಸಿ ನೋಡಿದರು. ಅಕ್ಟೋಬರ್‌ನಲ್ಲಿ, ಕೇರಿಯ ಬೆಕ್ಕುಗಳ ಹಾಗೆಯೇ ಅದೂ ನಡುಗಿತು, ಕುಣಿಯಿತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ವರ್ಷಾಂತ್ಯಕ್ಕೆ ತ್ಯಾಜ್ಯ ಶುದ್ಧೀಕರಣ ಘಟಕವೊಂದನ್ನು ಸಮಾರಂಭ ಮಾಡಿ ಉದ್ಘಾಟಿಸಿತು. ಕರಗಿದ ಮೀಥೈಲ್ ಪಾದರಸವನ್ನು ತೆಗೆಯುವ ಶಕ್ತಿ ಅದಕ್ಕಿರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 3 ಲಕ್ಷ ಯೆನ್ ‘ಸಾಂತ್ವನದ ಹಣ’ ಕೊಟ್ಟು, ಮುಂದೆ ಕಾರ್ಖಾನೆಯೇ ಕಾರಣ ಎಂದು ಸಾಬೀತಾದರೂ ಮತ್ತೆ ಕೇಳುವಂತಿಲ್ಲ ಎಂದು ಬರೆಸಿಕೊಂಡಿತು. ಸಮಸ್ಯೆ ಮುಗಿಯಿತು ಎಂದು ಊರು ನಂಬಿತು. 1960ರಲ್ಲಿ ಅಸಿಟಾಲ್ಡಿಹೈಡ್ ಉತ್ಪಾದನೆ 45 ಸಾವಿರ ಟನ್ ದಾಟಿತು. 1965ರಲ್ಲಿ ಇನ್ನೊಂದು ಕಂಪನಿಯ ಇಂಥದ್ದೇ ಕೊಳಚೆಯಿಂದ ಜಪಾನಿನ ಇನ್ನೊಂದು ಪ್ರಾಂತ್ಯವಾದ ನೀಗಾಟದಲ್ಲೂ ಇದೇ ಕಾಯಿಲೆ ಕಾಣಿಸಿಕೊಂಡಿತು.

ಚಿಸ್ಸೊ ಅಸಿಟಾಲ್ಡಿಹೈಡ್ ಘಟಕವನ್ನು ಮುಚ್ಚಿದ್ದು 1968ರ ಮೇ ತಿಂಗಳಲ್ಲಿ, ತಂತ್ರಜ್ಞಾನ ಹಳತಾದ ಮೇಲೆ. ಕಾರ್ಖಾನೆಯ ಪಾದರಸವೇ ಕಾರಣ ಎಂದು ಸರ್ಕಾರ ಒಪ್ಪಿದ್ದು ಸೆಪ್ಟೆಂಬರ್ 26ರಂದು. ಮಿನಮಾಟದ ನೀರಿಗೆ 1958ರ ಕಾಯ್ದೆ ಅನ್ವಯವಾದದ್ದು 1969ರಲ್ಲಿ. ಅಷ್ಟರಲ್ಲಿ ತಡೆಯಬೇಕಾದ ವಿಷದ ಹರಿವೇ ನಿಂತಿತ್ತು.

ನಿಜವಾದ ಬದಲಾವಣೆ ಬಂದದ್ದು 1970ರ ಸಂಸತ್ ಅಧಿವೇಶನದಲ್ಲಿ. ಒಮ್ಮೆಗೇ 14 ಮಾಲಿನ್ಯ ಕಾಯ್ದೆಗಳು ಪಾಸಾದವು. ಮಾಲಿನ್ಯ ತಡೆ ಆರ್ಥಿಕ ಬೆಳವಣಿಗೆಗೆ ಹೊಂದಿಕೊಂಡಿರಬೇಕು ಎಂಬ ಮಾತನ್ನು 1967ರ ಮಾಲಿನ್ಯ ನಿಯಂತ್ರಣದ ಮೂಲ ಕಾಯ್ದೆಯಿಂದ ಕಿತ್ತುಹಾಕಿದರು. ‘ಗೊತ್ತುಪಡಿಸಿದ’ ನೀರು ಎಂಬ ಷರತ್ತೂ ಹೋಯಿತು; ಹೊಸ ಮಿತಿಗಳು ದೇಶದ ಎಲ್ಲ ನದಿ, ಕಡಲಿಗೂ ಅನ್ವಯವಾದವು. ನನ್ನ ದೃಷ್ಟಿಯಲ್ಲಿ ಆ ಅಧಿವೇಶನದ ಅತಿ ದೊಡ್ಡ ಕೆಲಸ ಇದೇ. ಮುಂದೆ ಪಾದರಸ ಬಳಸುತ್ತಿದ್ದ ಕಾಸ್ಟಿಕ್ ಸೋಡಾ ಕಾರ್ಖಾನೆಗಳಿಗೂ ಅದರ ಬಳಕೆ ನಿಲ್ಲಿಸುವಂತೆ ಹೇಳಲಾಯಿತು. 1986ರ ಹೊತ್ತಿಗೆ ಆ ಕೆಲಸ ಮುಗಿಯಿತು.

ನಮ್ಮ ಕರಾವಳಿಗೂ ಇದು ದೂರದ ಮಾತಲ್ಲ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಕಡಲಲ್ಲಿನ ಪಾದರಸದ ಬಗ್ಗೆ 1990ರಲ್ಲಿ ವೈಜ್ಞಾನಿಕ ಅಧ್ಯಯನ ಪ್ರಕಟವಾಗಿತ್ತು. ಭಾರತದಲ್ಲಿ ಜಲ ಮಾಲಿನ್ಯ ಕಾಯ್ದೆ ಬಂದದ್ದು 1974ರಲ್ಲಿ. ಇಂಥ ಕಾರ್ಖಾನೆಗಳ ಪಾದರಸದ ಘಟಕಗಳನ್ನು 2012ರೊಳಗೆ ಬದಲಿಸಬೇಕೆಂಬ ಗಡುವು ಕೊಟ್ಟದ್ದು 2003ರಲ್ಲಿ.

2004ರ ಅಕ್ಟೋಬರ್‌ನಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: 1959ರ ಕೊನೆಯ ಹೊತ್ತಿಗೇ ಕೊಳಚೆಯನ್ನು ತಡೆಯುವ ಅಧಿಕಾರ ಸರ್ಕಾರದ ಕೈಯಲ್ಲಿತ್ತು, ಬಳಸದೇ ಇದ್ದದ್ದು ಕಾನೂನುಬಾಹಿರ.

ಆ ವೇಳೆಗೆ ಕೊಲ್ಲಿಯ ಒಂದು ಭಾಗ ನೆಲವಾಗಿತ್ತು. 1977ರಿಂದ 1990ರವರೆಗೆ ಸುಮಾರು 15 ಲಕ್ಷ ಘನ ಮೀಟರ್ ಪಾದರಸದ ಕೆಸರನ್ನು ಬಗೆದು ಅಥವಾ ಮುಚ್ಚಿ, ಉಕ್ಕಿನ ಗೋಡೆ ಕಟ್ಟಿ, 58 ಹೆಕ್ಟೇರ್ ಜಾಗ ತುಂಬಿಸಿದರು. ಮೀನುಗಳು ಹೊರಗೆ ಹೋಗದಂತೆ 1974ರಲ್ಲಿ ಕೊಲ್ಲಿಯ ಬಾಯಿಗೆ ಕಟ್ಟಿದ ಬಲೆ ತೆಗೆದದ್ದು 1997ರಲ್ಲಿ. ತುಂಬಿಸಿದ ನೆಲದ ಮೇಲೆ ಈಗ ಉದ್ಯಾನವಿದೆ. ಪಾದರಸ ಅದರಡಿಯಲ್ಲೇ ಇದೆ, ಉಕ್ಕಿನ ಗೋಡೆಯ ಆಚೆ ಉಪ್ಪುನೀರು.