ಕಾರು ಹೋಯಿತು, ಕಾರು ಬಂತು: ಅಮೆರಿಕದ ಡೌನ್‌ಟೌನ್ ಬೀದಿಗಳ ಕಥೆ

ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದ ನಡುವೆ ಫುಲ್ಟನ್ ಎಂಬ ಬೀದಿ ಇದೆ. 1964ರಲ್ಲಿ ಅಲ್ಲಿಂದ ಕಾರುಗಳನ್ನು ಹೊರಹಾಕಿದರು. ಮರ, ಕಾರಂಜಿ, ಶಿಲ್ಪ, ಕೂರಲು ಬೆಂಚು ಎಲ್ಲ ಬಂತು. 2017ರ ಅಕ್ಟೋಬರಿನಲ್ಲಿ ಅದೇ ಬೀದಿಗೆ ಕಾರುಗಳನ್ನು ಮತ್ತೆ ಬಿಟ್ಟರು. ಎರಡೂ ಸಲ ಕೊಟ್ಟ ಕಾರಣ ಒಂದೇ: ಡೌನ್‌ಟೌನ್‌ಗೆ, ಅಂದರೆ ಊರಿನ ನಡುಪೇಟೆಗೆ, ಜೀವ ಬರಬೇಕು.

ಇದು ಫ್ರೆಸ್ನೊ ಒಂದರ ಕಥೆಯಲ್ಲ. ಅಮೆರಿಕದ ಎಷ್ಟೋ ಊರುಗಳು ತಮ್ಮ ನಡುಪೇಟೆಯ ಬೀದಿಗಳನ್ನು ಅಗೆದು, ಮುಚ್ಚಿ, ಮತ್ತೆ ಅಗೆದಿವೆ. ಈಗಲೂ ಅಗೆಯುತ್ತಿವೆ. ಫುಟ್‌ಪಾತ್ ಅಗಲ ಮಾಡುವುದು, ಒನ್‌ವೇ ತೆಗೆಯುವುದು, ಮರ ನೆಡುವುದು, ಫ್ಲೈಓವರ್ ಕೆಡವುವುದು. ನೋಡಿದರೆ ಸುಮ್ನೆ ಅಲಂಕಾರದ ಕೆಲಸ ಅನ್ನಿಸುತ್ತದೆ. ಆದರೆ ಈಗ ನಡೆಯುತ್ತಿರುವ ಕೆಲಸದ ಬಹುಪಾಲು, ಐವತ್ತು ಅರವತ್ತು ವರ್ಷದ ಹಿಂದೆ ಇದೇ ಡೌನ್‌ಟೌನ್ ಉಳಿಸಲೆಂದು ಮಾಡಿದ್ದನ್ನು ಬಿಚ್ಚಿಹಾಕುವ ಕೆಲಸ.

ಮೊದಲು ಪೇಟೆ ಖಾಲಿಯಾದದ್ದು ಹೇಗೆ ಎಂದು ನೋಡೋಣ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಊರಿನ ಟ್ರಾಮ್ ದಾರಿಗಳೆಲ್ಲ ನಡುಪೇಟೆಗೆ ಬಂದು ಸೇರುತ್ತಿದ್ದವು. ಬ್ಯಾಂಕು, ಕೋರ್ಟು, ಸಿನಿಮಾ ಮಂದಿರ, ಹಲವು ಅಂತಸ್ತಿನ ಡಿಪಾರ್ಟ್‌ಮೆಂಟ್ ಸ್ಟೋರು ಎಲ್ಲ ಅಲ್ಲೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜನ ಉಪನಗರಗಳತ್ತ ಹೊರಟರು. ಅದೇನೂ ತಾನಾಗಿಯೇ ಆದದ್ದಲ್ಲ. ಕೇಂದ್ರ ಸರ್ಕಾರದ ಖಾತರಿ ಇದ್ದ ಗೃಹಸಾಲ ಉಪನಗರದ ಹೊಸ ಮನೆಗೆ ಸಲೀಸಾಗಿ ಸಿಗುತ್ತಿತ್ತು. ಊರ ನಡುವಿನ ಹಳೇ ಮನೆಗೆ, ಅದರಲ್ಲೂ ಕಪ್ಪು ಜನರಿದ್ದ ಬಡಾವಣೆಯ ಮನೆಗೆ, ಸಿಗುವುದು ಕಷ್ಟವಿತ್ತು. ಸಾಲ ಇದ್ದಲ್ಲಿಗೆ ಜನ ಹೋದರು, ಜನ ಹೋದಲ್ಲಿಗೆ ಅಂಗಡಿ ಹೋಯಿತು. 1950ರಲ್ಲಿ ಡೆಟ್ರಾಯಿಟ್‌ನ ಜನಸಂಖ್ಯೆ ಸುಮಾರು 18.5 ಲಕ್ಷ. 2010ರ ಹೊತ್ತಿಗೆ ಅದು 7.14 ಲಕ್ಷಕ್ಕೆ ಇಳಿದಿತ್ತು.

ನಗರಗಳು ಗಾಬರಿಯಾದವು. ಆಗ ಸಿಕ್ಕ ದುಡ್ಡು ಎರಡು ಬಗೆಯದು. 1949ರ ವಸತಿ ಕಾಯ್ದೆಯ ಪ್ರಕಾರ, ಹಾಳುಬಿದ್ದಿದೆ ಎಂದು ಘೋಷಿಸಿದ ಬಡಾವಣೆಯನ್ನು ಕೊಂಡು, ಕೆಡವಿ, ಹೊಸಬರಿಗೆ ಮಾರಲು ನಗರಕ್ಕೆ ಆಗುವ ನಷ್ಟದಲ್ಲಿ ಮೂರನೇ ಎರಡು ಭಾಗವನ್ನು ಕೇಂದ್ರ ಭರಿಸುತ್ತಿತ್ತು. ಇದಕ್ಕೆ 1954ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆಯೂ ಸಿಕ್ಕಿತು. ಎರಡನೆಯದು 1956ರ ಹೆದ್ದಾರಿ ಕಾಯ್ದೆ: 41,000 ಮೈಲಿ ಹೆದ್ದಾರಿ, ಖರ್ಚಿನಲ್ಲಿ ನೂರಕ್ಕೆ 90 ಭಾಗ ಕೇಂದ್ರದ್ದು. ಉಳಿದ ಹತ್ತನ್ನು ರಾಜ್ಯ ಕೊಟ್ಟರೆ ಹೆದ್ದಾರಿ ಸಿಗುತ್ತದೆ ಎಂದರೆ ಯಾವ ಮೇಯರ್ ಬೇಡ ಅಂದಾನು? ಕಾರಿನಲ್ಲಿ ಉಪನಗರಕ್ಕೆ ಹೋದವರನ್ನು ಕಾರಿನಲ್ಲೇ ವಾಪಸ್ ಕರೆತರಬಹುದು ಎಂಬುದು ಲೆಕ್ಕಾಚಾರ.

ಆ ಲೆಕ್ಕಕ್ಕೆ ಬೆಲೆ ತೆತ್ತವರು ಬೇರೆಯವರು. ಡೆಟ್ರಾಯಿಟ್‌ನ ಡೌನ್‌ಟೌನ್‌ಗೆ ಅಂಟಿಕೊಂಡಂತೆ ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿ ಎಂಬ ಬಡಾವಣೆಗಳಿದ್ದವು. ಅಲ್ಲಿನ ಹೇಸ್ಟಿಂಗ್ಸ್ ಬೀದಿ ಕಪ್ಪು ಜನರ ವ್ಯಾಪಾರದ, ಸಂಗೀತದ ಬೀದಿ. ಅದನ್ನು ಅಳಿಸಿ, ನೆಲ ತೋಡಿ, ತಗ್ಗಿನಲ್ಲಿ ಹೋಗುವ ಐ-375 ಹೆದ್ದಾರಿ ಮಾಡಿದರು. 1964ರಲ್ಲಿ ಅದು ತೆರೆಯಿತು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಇನ್ನರ್ ಲೂಪ್ ಎಂಬ ಎಕ್ಸ್‌ಪ್ರೆಸ್‌ವೇ ಡೌನ್‌ಟೌನನ್ನು ಸುತ್ತುಗಟ್ಟಿತು. 1965ರಲ್ಲಿ ಕೆಲಸ ಮುಗಿದಾಗ ಪೇಟೆ ಒಂದು ಕಡೆ, ಪೇಟೆಗೆ ನಡೆದು ಬರುತ್ತಿದ್ದ ಜನ ಇನ್ನೊಂದು ಕಡೆ ಆಗಿದ್ದರು. ಡೌನ್‌ಟೌನ್‌ನ ಅತಿ ಹತ್ತಿರದ ಗಿರಾಕಿಗಳನ್ನೇ ಎಬ್ಬಿಸಿ, ದೂರದ ಗಿರಾಕಿಗಾಗಿ ಕಾದದ್ದು ಈ ಇಡೀ ಕಥೆಯ ದೊಡ್ಡ ಮೂರ್ಖತನ ಎನ್ನುವುದು ನನ್ನ ಅನಿಸಿಕೆ.

ಈ ಹೊತ್ತಿನಲ್ಲೇ ವಿಕ್ಟರ್ ಗ್ರೂಯೆನ್ ಬರುತ್ತಾರೆ. ವಿಯೆನ್ನಾದ ಯಹೂದಿ ವಾಸ್ತುಶಿಲ್ಪಿ. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದವರು. ಡೆಟ್ರಾಯಿಟ್ ಹೊರವಲಯದ ನಾರ್ತ್‌ಲ್ಯಾಂಡ್ ಶಾಪಿಂಗ್ ಸೆಂಟರ್ (1954) ಮತ್ತು ಮಿನೆಸೋಟದ ಸೌತ್‌ಡೇಲ್ (1956) ಅವರದೇ ವಿನ್ಯಾಸ. ಸೌತ್‌ಡೇಲ್ ಪೂರ್ತಿ ಮುಚ್ಚಿದ, ಒಳಗೆಲ್ಲ ಹವಾನಿಯಂತ್ರಣ ಇದ್ದ ಮೊದಲ ಮಾಲ್. ಡೌನ್‌ಟೌನ್‌ನ ಗಿರಾಕಿಯನ್ನು ಹೊರಕ್ಕೆ ಸೆಳೆದ ಮಾಲ್ ಕಟ್ಟಿದವರನ್ನೇ ಡೌನ್‌ಟೌನ್‌ನವರು ಕರೆಸಿ ‘ನಮ್ಮನ್ನು ಉಳಿಸಿ’ ಎಂದರು. ತಮಾಷೆ ಅಲ್ವಾ? ಆದರೆ ಗ್ರೂಯೆನ್‌ಗೆ ಇದರಲ್ಲಿ ವಿರೋಧ ಕಾಣಲಿಲ್ಲ. ಅವರ ಕನಸು ಯೂರೋಪಿನ ಹಳೇ ಊರುಗಳಂತೆ ಜನ ಅಡ್ಡಾಡುವ ಜಾಗ. 1956ರಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ಗೆ ಅವರು ಒಂದು ಯೋಜನೆ ಕೊಟ್ಟರು. ಸುತ್ತ ರಿಂಗ್ ರಸ್ತೆ, ಅದರ ಅಂಚಿನಲ್ಲಿ ದೊಡ್ಡ ಪಾರ್ಕಿಂಗ್ ಕಟ್ಟಡಗಳು, ಒಳಗೆ ಕಾರೇ ಇಲ್ಲ. ಅದು ಕಾಗದದಲ್ಲೇ ಉಳಿಯಿತು.

ಮಿಶಿಗನ್‌ನ ಕ್ಯಾಲಮಜೂ ಎಂಬ ಸಣ್ಣ ಊರು ತನಗೆ ಅವರು ಕೊಟ್ಟ ಯೋಜನೆಯ ಒಂದು ತುಣುಕನ್ನು ಮಾತ್ರ ಎತ್ತಿಕೊಂಡಿತು. 1959ರ ಆಗಸ್ಟ್‌ನಲ್ಲಿ ಬರ್ಡಿಕ್ ಬೀದಿಯಲ್ಲಿ ಕಾರುಗಳ ಓಡಾಟ ನಿಲ್ಲಿಸಿ, ಹುಲ್ಲು ಹಾಸಿ, ನಡಿಗೆಯ ಬೀದಿ ಮಾಡಿತು. ಸುದ್ದಿ ದೇಶವೆಲ್ಲ ಹರಡಿತು. ಮುಂದಿನ ಎರಡು ದಶಕಗಳಲ್ಲಿ ಇಂಥ ಬೀದಿಗಳು ಊರೂರಲ್ಲಿ ಎದ್ದವು. ಫ್ರೆಸ್ನೊದ ಫುಲ್ಟನ್ ಬೀದಿಯ ಯೋಜನೆಯೂ ಗ್ರೂಯೆನ್ ಕಂಪನಿಯದೇ. ಷಿಕಾಗೊ ಕೂಡ 1979ರಲ್ಲಿ ತನ್ನ ಸ್ಟೇಟ್ ಸ್ಟ್ರೀಟ್‌ನಿಂದ ಕಾರುಗಳನ್ನು ತೆಗೆದು ಬಸ್ಸಿಗೆ ಮಾತ್ರ ಜಾಗ ಬಿಟ್ಟಿತು.

ಮೊದಮೊದಲು ಜನ ಸೇರಿದರು. ಆಮೇಲೆ ಒಂದೊಂದೇ ಸೊರಗಿತು. ಷಿಕಾಗೊ 1996ರಲ್ಲಿ ಕಾರು ವಾಪಸ್ ತಂದಿತು. ಕ್ಯಾಲಮಜೂ ಕೂಡ 1998ರಲ್ಲಿ ತನ್ನ ಬೀದಿಯ ಒಂದು ಭಾಗಕ್ಕೆ ಕಾರು ಬಿಟ್ಟಿತು. ಕಾರು ಇಲ್ಲದ್ದೇ ತಪ್ಪು ಎಂದು ಹಲವರು ತೀರ್ಮಾನಿಸಿದರು. ಉಳಿದುಕೊಂಡ ಬೀದಿಗಳನ್ನು ನೋಡಿದರೆ ಆ ತೀರ್ಮಾನ ನಿಲ್ಲುವುದಿಲ್ಲ. ಕೊಲೊರಾಡೊದ ಬೌಲ್ಡರ್‌ನಲ್ಲಿ ಪರ್ಲ್ ಸ್ಟ್ರೀಟ್, ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನ ನಡುಪೇಟೆ, ವರ್ಮಾಂಟ್‌ನ ಬರ್ಲಿಂಗ್ಟನ್‌ನಲ್ಲಿ ಚರ್ಚ್ ಸ್ಟ್ರೀಟ್. ಮೂರೂ ವಿಶ್ವವಿದ್ಯಾಲಯ ಇರುವ ಊರುಗಳು. ಕಾಲ್ನಡಿಗೆಯ ದೂರದಲ್ಲಿ ವಾಸಿಸುವವರು ಜಾಸ್ತಿ. ಸಂಜೆ ಆರರ ನಂತರವೂ ಅಲ್ಲಿ ಯಾರೋ ಇರುತ್ತಾರೆ. ಬರೀ ಆಫೀಸುಗಳಿರುವ ಪೇಟೆಯಲ್ಲಿ ಐದು ಗಂಟೆಗೆ ಎಲ್ಲರೂ ಮನೆಗೆ ಹೊರಟುಬಿಡುತ್ತಾರೆ. ಅಂಥ ಕಡೆ ಎಂಥ ಕಾರಂಜಿ ಇಟ್ಟರೂ ನೋಡುವವರಿಲ್ಲ. ಕಾರು ಬೇಕೋ ಬೇಡವೋ ಎಂದು ದಶಕಗಟ್ಟಲೆ ಜಗಳವಾಡಿದರು, ಆದರೆ ಬೀದಿಯ ಹಣೆಬರಹ ಬರೆದದ್ದು ಅಕ್ಕಪಕ್ಕದ ಮನೆಗಳು.

ಒನ್‌ವೇ ಕಥೆಯೂ ಹೀಗೇ. ಐವತ್ತು ಅರವತ್ತರ ದಶಕದಲ್ಲಿ ಜೋಡಿ ಬೀದಿಗಳನ್ನು ಒನ್‌ವೇ ಮಾಡಿ, ಸಿಗ್ನಲ್‌ಗಳನ್ನು ಒಂದರ ಹಿಂದೊಂದು ಹಸಿರಾಗುವಂತೆ ಕೂಡಿಸಿದರು. ಸಂಜೆ ಆಫೀಸು ಬಿಟ್ಟವರು ಬೇಗ ಹೆದ್ದಾರಿ ಸೇರಲಿ ಎಂದು. ಅವರು ಬೇಗ ಸೇರಿದರು, ದಾರಿಯಲ್ಲಿ ಅಂಗಡಿ ಮುಂದೆ ನಿಲ್ಲಲಿಲ್ಲ ಅಷ್ಟೇ. ಕೆಂಟಕಿಯ ಲೂಯಿವಿಲ್ ನಗರ 2011ರಲ್ಲಿ ಎರಡು ಒನ್‌ವೇ ಬೀದಿಗಳನ್ನು ಮತ್ತೆ ಎರಡೂ ದಿಕ್ಕಿಗೆ ತೆರೆಯಿತು. ಅಧ್ಯಯನ ಮಾಡಿದವರು ಕಂಡದ್ದು: ಓಡಾಡುವ ವಾಹನ ಹೆಚ್ಚಿದರೂ ಅಪಘಾತ ಕಡಿಮೆಯಾಗಿತ್ತು. ಎದುರಿಗೆ ವಾಹನ ಬರುತ್ತದೆ ಎಂದರೆ ಕಾಲು ತಾನಾಗಿ ಬ್ರೇಕ್ ಮೇಲೆ ಹೋಗುತ್ತದೆ.

ಚೇತರಿಕೆಯ ಪಾಠ ಮೊದಲು ಸಿಕ್ಕಿದ್ದು ಸಣ್ಣ ಊರುಗಳಲ್ಲಿ. 1977ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಟ್ರಸ್ಟ್ ಇಲಿನಾಯ್‌ನ ಗೇಲ್ಸ್‌ಬರ್ಗ್, ಇಂಡಿಯಾನಾದ ಮ್ಯಾಡಿಸನ್, ಸೌತ್ ಡಕೋಟದ ಹಾಟ್ ಸ್ಪ್ರಿಂಗ್ಸ್ ಊರುಗಳಲ್ಲಿ ‘ಮೇನ್ ಸ್ಟ್ರೀಟ್’ ಪ್ರಯೋಗ ಶುರು ಮಾಡಿತು. ಏನನ್ನೂ ಕೆಡವಬಾರದು. ಊರಿಗೊಬ್ಬ ಮ್ಯಾನೇಜರ್ ಇರಬೇಕು. ಹಳೇ ಕಟ್ಟಡಗಳನ್ನು ರಿಪೇರಿ ಮಾಡಿ ಬಳಸಬೇಕು. ಎಂಬತ್ತರ ದಶಕದಲ್ಲಿ ಕೇಂದ್ರದ ತೆರಿಗೆ ರಿಯಾಯಿತಿಯೂ ಜೊತೆಗೂಡಿತು. 1986ರಿಂದ ಇದು ಐತಿಹಾಸಿಕ ಕಟ್ಟಡದ ದುರಸ್ತಿ ವೆಚ್ಚದ ನೂರಕ್ಕೆ 20 ಭಾಗ. ಹಳೇ ಗೋದಾಮುಗಳು ಮನೆಗಳಾಗತೊಡಗಿದವು. ಅಂದರೆ ಸಂಜೆ ಆರರ ನಂತರದ ಜನ ನಿಧಾನವಾಗಿ ವಾಪಸ್ ಬಂದರು.

ಕ್ಯಾಲಿಫೋರ್ನಿಯಾದ ಓಲ್ಡ್ ಪ್ಯಾಸಡೀನಾದ ಉದಾಹರಣೆ ನನಗೆ ಬಹಳ ಇಷ್ಟ. ಒಂದು ಕಾಲದಲ್ಲಿ ಪಾಳುಬಿದ್ದ ಪೇಟೆ ಅದು. ಪಾರ್ಕಿಂಗ್ ಮೀಟರ್ ಹಾಕುತ್ತೇವೆ ಎಂದಾಗ ಅಂಗಡಿಯವರು ಒಪ್ಪಲಿಲ್ಲ. ದುಡ್ಡು ಕೇಳಿದರೆ ಗಿರಾಕಿ ಬರುವುದಿಲ್ಲ ಎಂಬ ಭಯ. ಆದರೆ ರಸ್ತೆ ಬದಿಯ ಬಿಟ್ಟಿ ಜಾಗವನ್ನು ಬೆಳಗ್ಗೆಯಿಂದ ಸಂಜೆವರೆಗೆ ಹಿಡಿದುಕೊಂಡು ನಿಲ್ಲಿಸುತ್ತಿದ್ದವರು ಅಲ್ಲಿನ ಕೆಲಸಗಾರರೇ! ಕೊನೆಗೆ ನಗರಾಡಳಿತ ಒಂದು ಮಾತು ಕೊಟ್ಟಿತು: ಮೀಟರಿನ ದುಡ್ಡು ಇದೇ ಪೇಟೆಗೆ. 1993ರಲ್ಲಿ ಮೀಟರ್ ಬಂತು. ಆ ಆದಾಯದಿಂದ ಫುಟ್‌ಪಾತ್ ಸರಿಯಾಯಿತು, ಮರ, ದೀಪ, ಸ್ವಚ್ಛವಾದ ಹಿಂಬೀದಿಗಳು ಬಂದವು. ವ್ಯಾಪಾರ ಏರಿತು. ಗಿರಾಕಿಗಳೆಲ್ಲ ಕಾರಿನಲ್ಲೇ ಬರುತ್ತಾರೆ ಎಂದು ಅಂಗಡಿಯವರು ಅಂದುಕೊಳ್ಳುವುದು ಎಲ್ಲೆಡೆ ಇದ್ದದ್ದೇ. ಕೆನಡಾದ ಟೊರಾಂಟೊದ ಬ್ಲೂರ್ ಬೀದಿಯಲ್ಲಿ ಸಮೀಕ್ಷೆ ಮಾಡಿದಾಗಲೂ, ಅಂಗಡಿಯವರ ಅಂದಾಜಿಗಿಂತ ಕಾರಿನಲ್ಲಿ ಬರುವವರು ಕಡಿಮೆ ಇದ್ದರು.

2010ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್ ತನ್ನ ಮುಖ್ಯ ಬೀದಿಯ ಒಂಬತ್ತು ಬ್ಲಾಕ್‌ಗಳನ್ನು ಸುಮಾರು 1.15 ಕೋಟಿ ಡಾಲರ್ ಖರ್ಚಿನಲ್ಲಿ ಬದಲಿಸಿತು. ಬೀದಿಯ ನಡುವೆ ಮರಗಳ ಸಾಲು, ಅದರಡಿಯಲ್ಲೇ ಪಾರ್ಕಿಂಗ್, ಸಂತೆ ದಿನ ಅದೇ ಜಾಗ ಸಂತೆಗೆ. ಅಲ್ಲಿ ಕಾರನ್ನು ಹೊರಹಾಕಲಿಲ್ಲ, ನಿಧಾನ ಮಾಡಿದರು ಅಷ್ಟೇ. ಖಾಲಿ ಅಂಗಡಿಗಳು ತುಂಬಿದವು. ಆದರೆ ಬೀದಿಯ ಜೊತೆಗೇ ಅಲ್ಲಿ ಹೊಸ ಮನೆಗಳೂ ಎದ್ದವು ಎನ್ನುವುದನ್ನು ಹೊಗಳುವವರು ಎಷ್ಟೋ ಸಲ ಮರೆಯುತ್ತಾರೆ.

ದುಡ್ಡಿನ ವಿಷಯಕ್ಕೆ ಬಂದರೆ, ಇಂಥ ಕೆಲಸಗಳಿಗೆ ಹೆಚ್ಚಾಗಿ ಬಳಸುವುದು ತೆರಿಗೆ ಏರಿಕೆಯ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ 1952ರಲ್ಲಿ ಶುರುವಾದದ್ದು. ಒಂದು ಪ್ರದೇಶದ ಇವತ್ತಿನ ಆಸ್ತಿ ತೆರಿಗೆಯನ್ನು ಗುರುತು ಹಾಕಿಟ್ಟು, ಮುಂದೆ ಬೆಲೆ ಏರಿ ಬರುವ ಹೆಚ್ಚಿನ ತೆರಿಗೆಯನ್ನು ಆ ಪ್ರದೇಶಕ್ಕೇ ಖರ್ಚು ಮಾಡುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಬೆಲೆ ಹೇಗೂ ಏರುತ್ತಿತ್ತು ಎಂದಾದರೆ, ಆಸ್ತಿ ತೆರಿಗೆಯಿಂದ ನಡೆಯುವ ಶಾಲೆಗೆ ಹೋಗಬೇಕಾದ ದುಡ್ಡು ಬಿಲ್ಡರ್‌ಗೆ ಹೋದಂತೆ. ಈ ತಕರಾರು ಬೆಳೆದು, ರಾಜ್ಯದ ಖಜಾನೆಯೂ ಬರಿದಾದಾಗ, 2012ರಲ್ಲಿ ಕ್ಯಾಲಿಫೋರ್ನಿಯಾ ಈ ತೆರಿಗೆ ದುಡ್ಡಿನಲ್ಲಿ ನಡೆಯುತ್ತಿದ್ದ ತನ್ನ ಪುನರಭಿವೃದ್ಧಿ ಏಜೆನ್ಸಿಗಳನ್ನೆಲ್ಲ ಮುಚ್ಚಿತು.

ಇನ್ನು ಅಗೆತದ ಕಾಲ. ಬೀದಿ ಸುಂದರವಾಗುವ ಮೊದಲು ತಿಂಗಳುಗಟ್ಟಲೆ ಗುಂಡಿಯಾಗಿರುತ್ತದೆ. ಕೆಳಗೆ ಹಳೇ ನೀರಿನ ಕೊಳವೆ, ಒಳಚರಂಡಿ, ಕೇಬಲ್; ಎಲ್ಲಿದೆ ಏನಿದೆ ಎಂದು ನಕ್ಷೆಗೂ ಸರಿಯಾಗಿ ಗೊತ್ತಿರುವುದಿಲ್ಲ. ಡೆನ್ವರ್‌ನ 16ನೇ ಬೀದಿಯ ಕೆಲಸ 2022ರಲ್ಲಿ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಸಣ್ಣ ಅಂಗಡಿಯವನಿಗೆ ಅಷ್ಟು ದಿನ ಬಾಡಿಗೆ ಕಟ್ಟಿಕೊಂಡು ಕಾಯುವ ತಾಕತ್ತು ಎಲ್ಲಿಂದ ಬರಬೇಕು? ಕಾದು ಉಳಿದರೂ, ಬೀದಿ ಚೆಂದವಾದ ಮೇಲೆ ಬಾಡಿಗೆ ಏರುತ್ತದೆ. ಕಷ್ಟದ ಕಾಲದಲ್ಲಿ ಪೇಟೆ ಹಿಡಿದುಕೊಂಡಿದ್ದವರಿಗೆ ನಷ್ಟ ತುಂಬಿಕೊಡುವ ಏರ್ಪಾಡು ಯೋಜನೆಯ ಬಜೆಟ್‌ನಲ್ಲೇ ಇರಬೇಕು ಎಂದು ನಾನು ಹೇಳುತ್ತೇನೆ, ಆಮೇಲೆ ಕೊಡುವ ದಾನದಂತೆ ಅಲ್ಲ.

2020ರ ಕೋವಿಡ್ ಹಳೇ ಗಾಯವನ್ನು ಮತ್ತೆ ತೋರಿಸಿತು. ಮನೆಯಿಂದಲೇ ಕೆಲಸ ಎಂದಾದಾಗ ಆಫೀಸಿನ ಜನರನ್ನೇ ನಂಬಿದ್ದ ಡೌನ್‌ಟೌನ್‌ಗಳು ಹಗಲಲ್ಲೂ ಖಾಲಿ. ಆಫೀಸು ಕಟ್ಟಡಗಳನ್ನು ಮನೆ ಮಾಡೋಣ ಎಂಬ ಮಾತು ಈಗ ಎಲ್ಲೆಡೆ. ಹಳೇ ಕಿರಿದಾದ ಕಟ್ಟಡಗಳಲ್ಲಿ ಅದು ಸಾಧ್ಯ. ಎಪ್ಪತ್ತರ ದಶಕದ ನಂತರದ ಅಗಲವಾದ ಕಟ್ಟಡಗಳಲ್ಲಿ ನಡುವಿನ ಜಾಗಕ್ಕೆ ಕಿಟಕಿಯೇ ಸಿಗುವುದಿಲ್ಲ, ನೀರಿನ ಕೊಳವೆಗಳೆಲ್ಲ ಒಂದೇ ಕಡೆ.

ಹೆದ್ದಾರಿಗಳ ಸರದಿಯೂ ಬಂದಿದೆ. ರಾಚೆಸ್ಟರ್ 2014 ಮತ್ತು 2017ರ ನಡುವೆ ತನ್ನ ಇನ್ನರ್ ಲೂಪ್‌ನ ಪೂರ್ವ ಭಾಗಕ್ಕೆ ಮಣ್ಣು ತುಂಬಿ, ಮೇಲೆ ಮಾಮೂಲಿ ಬೀದಿ ಮಾಡಿತು. ಪಕ್ಕದಲ್ಲಿ ಸಿಕ್ಕ ಜಾಗದಲ್ಲಿ ಮನೆಗಳೆದ್ದವು. ಅದೇ ರಾಜ್ಯದ ಸಿರಾಕ್ಯೂಸ್ ನಗರದಲ್ಲಿ ಐ-81 ಹೆದ್ದಾರಿ ತೆಗೆಯುವ ಕೆಲಸ 2023ರಲ್ಲಿ ಶುರುವಾಯಿತು. ಡೆಟ್ರಾಯಿಟ್‌ನ ಐ-375 ತೆಗೆದು ಬೀದಿ ಮಾಡಲು 2022ರಲ್ಲಿ ಕೇಂದ್ರ ಸರ್ಕಾರ 10 ಕೋಟಿ ಡಾಲರ್‌ಗೂ ಹೆಚ್ಚು ಘೋಷಿಸಿತು. ಆಮೇಲೆ ಖರ್ಚಿನ ಅಂದಾಜು ಏರುತ್ತಲೇ ಹೋಯಿತು. ಹೊಸ ರಸ್ತೆ ತೀರಾ ಅಗಲ, ಇದು ಹೆದ್ದಾರಿಯ ತಮ್ಮನಂತಿದೆ ಎಂಬ ಆಕ್ಷೇಪ ಒಂದು ಕಡೆ. ಅದಕ್ಕಿಂತ ಬಿಸಿಯಾದ ಚರ್ಚೆ, ಹೆದ್ದಾರಿ ಹೋದ ಮೇಲೆ ಡೌನ್‌ಟೌನ್‌ನ ಪಕ್ಕದಲ್ಲೇ ಬಿಡುವಾಗುವ ಸುಮಾರು 30 ಎಕರೆ ಜಾಗದ್ದು. ಹೇಸ್ಟಿಂಗ್ಸ್ ಬೀದಿಯಿಂದ ಎಬ್ಬಿಸಿದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಸಭೆಗಳಿಗೆ ಬಂದು ಕೇಳುತ್ತಿರುವುದು ಅದನ್ನೇ: ಆ ಜಾಗವನ್ನು ಯಾರಿಗೆ ಮಾರುತ್ತೀರಿ, ಯಾವ ಬೆಲೆಗೆ?